ಟೆಂಡರ್ ಪಂಡಿತರು

ಖರೀದಿ ಕಚೇರಿಯ ಮೆಟ್ಟಿಲ ಮೇಲೆ ಬೆಳಗಿನಿಂದ ಬೀಡುಬಿಡುವ ಈ ಮಹಾಶಯರನ್ನು ಎಲ್ಲರೂ ಟೆಂಡರ್ ಪಂಡಿತರು ಎನ್ನುತ್ತಾರೆ. ಸರ್ಕಾರಕ್ಕೆ ಒಂದು ಗುಂಡುಸೂಜಿಯನ್ನೂ ಮಾರಿದವರಲ್ಲ. ಆದರೂ ಸಣ್ಣ ವ್ಯಾಪಾರಿ ಯಾರೇ ಬರಲಿ, ಅಡ್ಡಗಾಲು ಹಾಕಿ ಉಪದೇಶ ಶುರು. ದೊಡ್ಡ ಅಧಿಕಾರಿ ಇವರ ಬಾಯಲ್ಲಿ ‘ನಮ್ಮ ಹುಡುಗ’. ಆ ಹುಡುಗನ ಕಾರು ಬಂತೆಂದರೆ ಸಾಕು, ಒಳಗೆ ಡ್ರೈವರ್ ಒಬ್ಬನೇ ಇದ್ದರೂ ಇವರ ನಡು ಬಗ್ಗಿ ಹಣೆ ಮೊಣಕಾಲಿಗೆ ತಾಗುತ್ತದೆ. ಒಮ್ಮೆ ಆಸ್ಪತ್ರೆಗೆ ಹಾಸಿಗೆ ಬಟ್ಟೆ ಹೊಲಿದುಕೊಡುವ ಆಸೆಯಿಂದ ದರ್ಜಿ ಹೆಂಗಸೊಬ್ಬಳು ಬಂದಳು. “ನೀವು ಒಳಗೆ ಹೋಗ್ಬೇಡಿ ಅಕ್ಕಾ, ನುಂಗಿ ನೀರು ಕುಡೀತಾರೆ. ನಿಮ್ಮ ಕೆಲಸ ನನಗೆ ಬಿಡಿ, ಸಾಹೇಬ್ರು ನಾನು ಹಾಕಿದ ಗೆರೆ ದಾಟಲ್ಲ” ಎಂದರು ಪಂಡಿತರು. “ಕೇಳಿದ್ರೆ ಕಚ್ತಾರಾ? ನಾನೇ ಕೇಳ್ತೀನಿ ಬಿಡಿ” ಎಂದು ಆಕೆ ಸೀದಾ ಒಳಗೆ ನಡೆದಳು. ಅರ್ಜಿ ಹೇಗೆ ಬರೆಯಬೇಕು, ಮಾದರಿಗೆ ಎಂಥ ಬಟ್ಟೆ ತರಬೇಕು ಎಂದು ಗುಮಾಸ್ತನೇ ಬಿಡಿಸಿ ಹೇಳಿದ. ತಿಂಗಳೊಪ್ಪತ್ತಿನಲ್ಲಿ ಗುತ್ತಿಗೆ ಆಕೆಗೇ ಸಿಕ್ಕಿತು. ಗುತ್ತಿಗೆಯ ಪತ್ರ ಹಿಡಿದು ಆಕೆ ನಗುತ್ತ ಹೊರಬಂದಾಗ, ‘ಎಲ್ಲಾ ನನ್ನ ಶಿಫಾರಸು’ ಎಂದು ಪಂಡಿತರು ಎದೆಯುಬ್ಬಿಸುವುದನ್ನು ನೋಡಲು ಮೆಟ್ಟಿಲ ಬಳಿ ನಾವೆಲ್ಲ ಕಾದಿದ್ದೆವು. ಅವರು ಮೆಲ್ಲಗೆ ಪಕ್ಕಕ್ಕೆ ಸರಿದು ಆಕೆಗೆ ದಾರಿ ಬಿಟ್ಟರು, ಆಮೇಲೆ ದನಿ ತಗ್ಗಿಸಿ ಕೇಳಿದರು: “ಅಕ್ಕಾ, ಒಳಗೆ ಹೋದೋರ್ಗೆ ಕೂತ್ಕೊಳ್ಳಿ ಅಂತಾರಾ?”