ಅಳಿಯಂದಿರ ಗಿರಣಿ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಸಂಬಳ ತೆಗೆದುಕೊಂಡು ಚಿಂತೆ ಮಾಡಿದವನು. ವಿಮಾ ಕಂಪನಿಯೊಂದರ ಶಿವಮೊಗ್ಗದ ಶಾಖೆಯಲ್ಲಿ ನನ್ನ ಕೆಲಸವೆಂದರೆ ಬೇರೆಯವರ ಅಂಗಡಿಗೆ ಬೆಂಕಿ ಬಿದ್ದರೆ ಏನು, ಗೋದಾಮಿಗೆ ನೀರು ನುಗ್ಗಿದರೆ ಏನು, ಲಾರಿ ಪಲ್ಟಿಯಾದರೆ ಏನು ಎಂದು ಮುಂಚಿತವಾಗಿ ಯೋಚಿಸುವುದು. ಈ ಕೆಲಸಕ್ಕೆ ನನ್ನಷ್ಟು ಯೋಗ್ಯ ಮನುಷ್ಯ ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಗ್ಯಾಸ್ ಆಫ್ ಮಾಡಿದ್ದೇನೆಯೋ ಇಲ್ಲವೋ ಎಂದು ನೋಡಲು ಬಸ್ ಸ್ಟ್ಯಾಂಡಿನಿಂದ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಆಟೋ ಮಾಡಿಕೊಂಡು ವಾಪಸ್ ಬಂದವನು ನಾನು. ಇಷ್ಟೆಲ್ಲ ಚಿಂತಿಸಿದವನಿಗೆ ಶಾಖೆಯೇ ಮುಚ್ಚಿಹೋಗಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ.

ಹುಬ್ಬಳ್ಳಿಗೆ ಹೋಗಿ, ಇಲ್ಲವೇ ಕೊಟ್ಟದ್ದನ್ನು ತೆಗೆದುಕೊಂಡು ಮನೆಗೆ ಹೋಗಿ ಎಂದರು ಕಂಪನಿಯವರು. ಹೆಂಡತಿ ಇಲ್ಲಿಯ ಹೈಸ್ಕೂಲಿನಲ್ಲಿ ಟೀಚರು. ನಾನು ಮನೆಗೆ ಹೋದೆ. ಐವತ್ತು ಸಮೀಪಿಸಿದ ಗಂಡಸು ವಾರದ ದಿನ ಹನ್ನೊಂದು ಗಂಟೆಗೆ ಗೇಟಿನ ಬಳಿ ನಿಂತಿದ್ದರೆ ಬೀದಿಗೆ ಬೀದಿಯೇ ಅವನಿಗೊಂದು ಉದ್ಯೋಗ ಹುಡುಕಲು ತೊಡಗುತ್ತದೆ. ಎದುರು ಮನೆಯವರು ಕಾಲೇಜಿನ ಹತ್ತಿರ ಜೆರಾಕ್ಸ್ ಅಂಗಡಿ ಹಾಕಿ ಎಂದರು. ನಾನು ಎರಡು ದಿನ ಕಾಲೇಜಿನ ಗೇಟಿನ ಮುಂದೆ ನಿಂತು ನೋಡಿದೆ. ಮಕ್ಕಳೆಲ್ಲ ಒಬ್ಬರ ನೋಟ್ಸನ್ನು ಇನ್ನೊಬ್ಬರು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಿದ್ದರು. ವಾಕಿಂಗಿನ ಸ್ನೇಹಿತರು ಅಡಿಕೆ ಹಾಳೆಯ ತಟ್ಟೆ ಮಾಡುವ ಯಂತ್ರ ಹಾಕಿ, ಮದುವೆ ಸೀಸನ್ನಿನಲ್ಲಿ ಕಣ್ಣುಮುಚ್ಚಿ ಓಡುತ್ತದೆ ಎಂದರು. ಅದು ಕಣ್ಣುಮುಚ್ಚಿ ಓಡುವುದೇ ನನ್ನ ಭಯ. ಒಂದು ದೊಡ್ಡ ಮದುವೆಯ ಮೂರನೇ ಪಂಕ್ತಿ, ಬೀಗರ ಬಿಳಿ ಪಂಚೆ, ನನ್ನ ತಟ್ಟೆಯ ತಳದಿಂದ ಸೋರುವ ಸಾರು, ಎಲ್ಲವೂ ಕಣ್ಣಿಗೆ ಕಟ್ಟಿತು. ತಿಂಡಿ ಹೋಟೆಲ್ಲಿನ ವಿಷಯವನ್ನಂತೂ ನಾನು ಸಾಂಬಾರಿನೊಳಗೆ ಬಿದ್ದ ಹಲ್ಲಿಯವರೆಗೆ ಯೋಚಿಸಿ ಅಲ್ಲಿಗೇ ಬಿಟ್ಟೆ.

"ನೀವು ವ್ಯಾಪಾರ ಹುಡುಕ್ತಾ ಇಲ್ಲ ಕಣ್ರೀ, ವ್ಯಾಪಾರದ ಪೋಸ್ಟ್‌ಮಾರ್ಟಂ ಮಾಡ್ತಾ ಇದ್ದೀರಿ" ಎಂದಳು ಹೆಂಡತಿ, ಉತ್ತರಪತ್ರಿಕೆ ತಿದ್ದುತ್ತಾ.

"ಇರೋದೇ ಅಷ್ಟು ದುಡ್ಡು ಮಾರಾಯ್ತಿ. ಒಂದ್ಸಲ ಹಾಕಿದ್ರೆ ಮುಗೀತು. ಹೋದ್ರೆ ಮತ್ತೆ ಈ ವಯಸ್ಸಲ್ಲಿ ಯಾರು ಕರೀತಾರೆ ನನ್ನ?"

ಅವಳು ತಿದ್ದುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅದು ತಮಾಷೆಯ ಮಾತಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಗಿರಣಿಯ ಸುದ್ದಿ ತಂದವರು ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಈಗಲೂ ನ್ಯೂ ಟೌನಿನಲ್ಲೇ ಇದ್ದಾರೆ, ಈಗಲೂ ಮೊದಲ ಶಿಫ್ಟಿನ ಹೊತ್ತಿಗೆ ಎದ್ದು ಯಾವ ಕೆಲಸವೂ ಇಲ್ಲದೆ ಸಿದ್ಧರಾಗಿ ಕೂರುತ್ತಾರೆ. ಅವರ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿ. ನಡೆಸುತ್ತಿದ್ದ ತಮಿಳು ಹೆಂಗಸನ್ನು ಎಲ್ಲರೂ ಮಿಲ್ಲಕ್ಕ ಎನ್ನುತ್ತಿದ್ದರು. ಮಂಡಿನೋವು ಹೆಚ್ಚಾಗಿ ಆಕೆ ಸೇಲಂನ ಮಗಳ ಮನೆಗೆ ಹೋಗುವವರಿದ್ದರು. ಮಳಿಗೆಯನ್ನು ಮೊಬೈಲ್ ಅಂಗಡಿಯವನೊಬ್ಬ ಕೇಳಿದ್ದ. ಅವನು ಬಂದರೆ ಯಂತ್ರ ಗುಜರಿಗೆ. ಗಣೇಶನ ಹಬ್ಬ ಮುಗಿಯುವವರೆಗೆ ಮಾತ್ರ ತಡೆಯುತ್ತೇನೆ, ಆಮೇಲೆ ಅವನಿಗೇ ಕೊಟ್ಟುಬಿಡುತ್ತೇನೆ ಎಂದಿದ್ದರು ಮಿಲ್ಲಕ್ಕ.

"ಅಲ್ಲಿವರ್ಗೂ ಬಂದು ಕೂತ್ಕೊಳ್ಳಿ ಮಾರಾಯ್ರೆ. ಹಿಡಿಸಿದ್ರೆ ತಗೊಳ್ಳಿ, ಇಲ್ದಿದ್ರೆ ನಮ್ಮನೇಲಿ ಊಟ ಮಾಡ್ಕೊಂಡು ವಾಪಸ್ ಹೋಗಿ" ಎಂದರು ಭಾವ.

ಅಂಗಡಿಗಳಲ್ಲಿ ಪ್ಯಾಕೆಟ್ ಹಿಟ್ಟು ಗುಡ್ಡೆ ಬಿದ್ದಿರುವಾಗ ಗಿರಣಿಗೆ ಯಾರು ಬರುತ್ತಾರೆ ಎಂದು ನಾನು ದಾರಿಯುದ್ದಕ್ಕೂ ಬಸ್ಸಿನಲ್ಲಿ ಯೋಚಿಸಿಕೊಂಡೇ ಹೋದೆ. ಬರುತ್ತಿದ್ದರು. ಬೆಳಿಗ್ಗೆಯೇ ಬಾಗಿಲ ಮುಂದೆ ಡಬ್ಬಗಳು ಸಾಲಾಗಿ ನಿಂತಿರುತ್ತಿದ್ದವು, ಒಡತಿಯರು ಮನೆಗೆ ಹೋಗಿ ಒಗ್ಗರಣೆ ಹಾಕಿ ಬರುತ್ತಿದ್ದರು. ಡಬ್ಬ ನಿಂತಿದ್ದರೆ ಮನುಷ್ಯರು ನಿಂತಂತೆಯೇ ಲೆಕ್ಕ. ಗಿರಣಿಯ ಕ್ರಮವನ್ನು ಮಿಲ್ಲಕ್ಕ ಮೊದಲ ದಿನವೇ ಹೇಳಿಕೊಟ್ಟರು. ಅಕ್ಕಿ ಮೊದಲು, ಆಮೇಲೆ ಗೋಧಿ, ರಾಗಿ ಕೊನೆಗೆ. ಮೆಣಸಿನಕಾಯಿಗೆ ಮೂಲೆಯಲ್ಲಿ ಬೇರೆಯದೇ ಚಿಕ್ಕ ಯಂತ್ರ. ಒಬ್ಬರದು ಮುಗಿದ ಮೇಲೆ ಹಿಟ್ಟು ಇಳಿಯುವ ಬಟ್ಟೆಯ ತೋಳನ್ನು ಚೆನ್ನಾಗಿ ಬಡಿದು ಪೂರ್ತಿ ಇಳಿಸಿಕೊಡಬೇಕು, ಇಲ್ಲದಿದ್ದರೆ ಹಿಟ್ಟು ಉಳಿಸಿಕೊಂಡ ಅನ್ನುತ್ತಾರೆ. ಇದು ಕೇಳಿ ನನಗೆ ಎಷ್ಟು ಭಯವಾಯಿತೆಂದರೆ ಒಬ್ಬೊಬ್ಬರದು ಮುಗಿದಾಗಲೂ ಆ ತೋಳನ್ನು ಕಳ್ಳನನ್ನು ಬಡಿದಂತೆ ಬಡಿಯುತ್ತಿದ್ದೆ.

ಆದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅದೇ ತೊಂದರೆ. ನನ್ನ ಹೆಂಡತಿ ಆ ಬೀದಿಯಲ್ಲಿ ಆಡಿ ಬೆಳೆದವಳು. ಅಲ್ಲಿಯ ತಮಿಳರಿಗೂ ತೆಲುಗರಿಗೂ ಕನ್ನಡದವರಿಗೂ ಅವಳು ನಮ್ಮ ಹುಡುಗಿ, ಹಾಗಾಗಿ ನಾನು ಇಡೀ ರಸ್ತೆಗೆ ಅಳಿಯ. ಅಳಿಯಂದಿರು ಹಿಟ್ಟು ಬೀಸುವುದೆಂದರೇನು? ಬಂದವರೆಲ್ಲ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಯಾರೋ ಮನೆಯಿಂದ ಒಳ್ಳೆಯ ಕುರ್ಚಿ ತಂದು ಹಾಕಿದರು. ಯಾರೋ ಲೋಟದಲ್ಲಿ ಕಾಫಿ ತಂದರು. ಹಿಟ್ಟು ತರಿಯಾಗಿದ್ದರೂ ಬೆರಳಲ್ಲಿ ಉಜ್ಜಿ ನೋಡಿ, "ಚೆನ್ನಾಗಿದೆ ಬಿಡಿ ಅಳಿಯಂದ್ರೆ, ಇಷ್ಟು ಸಾಕು" ಎಂದು ಹೊರಟುಹೋಗುತ್ತಿದ್ದರು. ರಸ್ತೆಯ ತಿರುವಿನಲ್ಲಿ ನಿಂತು ಮತ್ತೊಮ್ಮೆ ಉಜ್ಜಿ ನೋಡುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು.

"ಹೀಗಾದ್ರೆ ನನಗೆ ಕೆಲ್ಸ ಬರ್ತಾ ಇದ್ಯೋ ಇಲ್ವೋ ಹೇಗೆ ಗೊತ್ತಾಗ್ಬೇಕು?" ಎಂದು ಒಂದು ದಿನ ಊಟದ ಹೊತ್ತಿಗೆ ಮಿಲ್ಲಕ್ಕನನ್ನು ಕೇಳಿದೆ.

"ಗೊತ್ತಾಗಲ್ಲ" ಎಂದರು ಆಕೆ, ಮಂಡಿ ನೀವಿಕೊಳ್ಳುತ್ತಾ. "ಮರ್ಯಾದೆ ಕೊಡ್ತಾರೆ, ಆಮೇಲೆ ಬೇರೆ ಮಿಲ್ಲಿಗೆ ಹೋಗ್ತಾರೆ. ಅಳಿಯನ್ನ ಎಷ್ಟು ದಿನ ಅಂತ ಸಾಕ್ತಾರೆ ಹೇಳಿ."

ಅಂದು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ವಾಪಸ್ ಬರುವಾಗ ನನಗೆ ಹೊಸದೊಂದು ಚಿಂತೆ ಜೊತೆಯಾಗಿತ್ತು. ಬೆಂಕಿ, ನೀರು, ಹಲ್ಲಿ ಇವೆಲ್ಲ ನನಗೆ ಗೊತ್ತಿದ್ದ ಅಪಾಯಗಳು. ಮರ್ಯಾದೆಯಿಂದ ಮುಳುಗಿಹೋಗುವ ವ್ಯಾಪಾರಕ್ಕೆ ಯಾವ ವಿಮೆಯೂ ಇರಲಿಲ್ಲ.

ಹಬ್ಬಕ್ಕೆ ಇನ್ನೇನು ಎರಡು ದಿನ ಇದೆ ಎನ್ನುವಾಗ ಗಿರಣಿ ತುಂಬಿಹೋಯಿತು. ಎಲ್ಲರದೂ ಚಕ್ಕುಲಿ ಹಿಟ್ಟು. ಡಬ್ಬಗಳ ಸಾಲು ಹೊರಗೆ ರಸ್ತೆಯವರೆಗೆ. ಮಿಲ್ಲಕ್ಕ ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದರು, ಒಳಗೆ ನಾನೊಬ್ಬನೇ. ಒಬ್ಬ ಅಜ್ಜಿಯ ಅಕ್ಕಿಯನ್ನು ಮೇಲಿನ ತೊಟ್ಟಿಗೆ ತುಂಬ ಸುರಿದಿದ್ದೆ. ಕಲ್ಲು ತಿರುಗುತ್ತಿತ್ತು, ಬಿಸಿ ಹಿಟ್ಟಿನ ಪರಿಮಳ ಏಳುತ್ತಿತ್ತು, ನಾನೂ ಸ್ವಲ್ಪ ಖುಷಿಯಲ್ಲೇ ಇದ್ದೆ. ಆಗ ಆ ಶಬ್ದ ಕೇಳಿಸಿತು. ಟಕಟಕಟಕ ಎಂದು, ಯಂತ್ರದ ಒಳಗಿನಿಂದಲೇ ಬಂದಂತೆ.

ಬೇರೆ ಯಾರಾದರೂ ಒಂದು ನಿಮಿಷ ಕಿವಿಗೊಡುತ್ತಿದ್ದರು. ನನ್ನ ತಲೆಯಲ್ಲಿ ಆಗಲೇ ಕಲ್ಲು ಒಡೆದು, ಚೂರು ಹಾರಿ, ಅಜ್ಜಿಯ ಹಣೆಗೆ ತಾಗಿ, ಪೊಲೀಸರು ಬಂದಾಗಿತ್ತು. ಓಡಿಹೋಗಿ ಕೆಂಪು ಸ್ವಿಚ್ಚು ಒತ್ತಿಬಿಟ್ಟೆ.

ಗಿರಣಿಯನ್ನು ಹಾಗೆ ನಿಲ್ಲಿಸಬಾರದು. ತೊಟ್ಟಿಯಿಂದ ಕಾಳು ಇಳಿಯುವುದನ್ನು ಮೊದಲು ಮುಚ್ಚಿ, ಕಲ್ಲುಗಳ ನಡುವೆ ಇರುವುದೆಲ್ಲ ಬೀಸಿ ಹೊರಬಂದ ಮೇಲೆ ಮಾತ್ರ ನಿಲ್ಲಿಸಬೇಕು. ಇಲ್ಲವಾದರೆ ಎರಡು ಕಲ್ಲುಗಳ ಮಧ್ಯೆ ಅಕ್ಕಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಇದನ್ನೂ ಮಿಲ್ಲಕ್ಕ ಮೊದಲ ದಿನವೇ ಹೇಳಿದ್ದರು. ಮತ್ತೆ ಸ್ವಿಚ್ಚು ಒತ್ತಿದಾಗ ಮೋಟಾರು ಹುಂ ಎಂದು ನರಳಿತು, ಬೆಲ್ಟು ಸುಟ್ಟ ವಾಸನೆ ಬಂತು, ಕಲ್ಲು ಮಾತ್ರ ಅಲುಗಲಿಲ್ಲ. ಆ ನಿಶ್ಶಬ್ದದಲ್ಲಿ ಟಕಟಕ ಎಂದದ್ದು ಏನೆಂದು ಎಲ್ಲರಿಗೂ ಕಾಣಿಸಿತು. ಯಾರೋ ಯಂತ್ರದ ಅಂಚಿನ ಮೇಲೆ ಡಬ್ಬದ ಮುಚ್ಚಳ ಇಟ್ಟಿದ್ದರು.

ಒಂದು ಕ್ಷಣ ಎಲ್ಲರೂ ಅಳಿಯನ ಮರ್ಯಾದೆ ಕಾಪಾಡಿದರು. ಆಮೇಲೆ ಆ ಅಜ್ಜಿ ಎದ್ದು ನಿಂತರು.

"ಅಲ್ಲಾ, ತೊಟ್ಟಿ ತುಂಬಾ ಅಕ್ಕಿ ಇಟ್ಕೊಂಡು ಯಾರಾದ್ರೂ ಆಫ್ ಮಾಡ್ತಾರೇನ್ರೀ?"

"ಏನೋ ಶಬ್ದ ಬಂತು ಅಜ್ಜಿ, ಅದಕ್ಕೆ..."

"ಮಿಲ್ಲು ಅಂದ್ಮೇಲೆ ಶಬ್ದ ಬರ್ದೆ ಸಂಗೀತ ಬರುತ್ತಾ? ನಾಳೆ ಎಣ್ಣೆ ಬಾಣಲೆ ಇಡ್ಬೇಕು ನಾನು. ಈ ಹಿಟ್ಟು ಯಾವಾಗ ಆಗೋದು?"

ಕಟ್ಟೆ ಒಡೆದಂತಾಯಿತು. ಇಷ್ಟು ದಿನ ಸೆರಗು ಸರಿಮಾಡಿಕೊಂಡಿದ್ದವರೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೋದ ವಾರದ ಗೋಧಿ ತರಿಯಾಗಿತ್ತು ಎಂದು ಒಬ್ಬರು. ಬಡಿದು ಬಡಿದು ಬಟ್ಟೆ ಹರಿಯುತ್ತಿದೆ, ಹಿಟ್ಟೆಲ್ಲ ಗೋಡೆಗೆ ಹೋಗುತ್ತಿದೆ ಎಂದು ಇನ್ನೊಬ್ಬರು. ಕಾಫಿ ತಂದುಕೊಟ್ಟಿದ್ದ ಹೆಂಗಸೇ ತೆಲುಗಿನಲ್ಲಿ ಏನೋ ಅಂದರು, ಅರ್ಥವಾಗದಿದ್ದರೂ ನನ್ನ ಬಗ್ಗೆಯೇ ಎಂದು ಗೊತ್ತಾಯಿತು. ಅಷ್ಟರಲ್ಲಿ ಮಿಲ್ಲಕ್ಕ ಆಟೋದಿಂದ ಇಳಿದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಒಳಗೆ ಮಾತ್ರ ಬರಲಿಲ್ಲ.

"ನೀವೇ ನಿಲ್ಸಿದ್ದು, ನೀವೇ ಬಿಚ್ಚಿ" ಎಂದರು.

ಭಾವ ಲುಂಗಿ ಎತ್ತಿ ಕಟ್ಟಿ ಸ್ಪ್ಯಾನರ್ ಹಿಡಿದು ಬಂದರು. ಇಬ್ಬರೂ ಬೋಲ್ಟು ಸಡಿಲಿಸಿ, ಕಲ್ಲು ಬೇರ್ಪಡಿಸಿ, ನಡುವೆ ಸಿಕ್ಕಿದ್ದ ಅರೆಬರೆ ಅಕ್ಕಿಯನ್ನು ಬ್ರಷ್ಷಿನಿಂದ ಕೆರೆದು ತೆಗೆದೆವು. ತೆಗೆಯುವಷ್ಟು ಹೊತ್ತೂ ತಲೆಯ ಮೇಲೆ ಬೈಗುಳ ಇಳಿಯುತ್ತಲೇ ಇತ್ತು, ಅದರ ಮಧ್ಯೆ "ಆ ಬೋಲ್ಟು ಬಿಗೀಲಿಲ್ಲ ನೋಡಿ" ಎಂಬಂಥ ಸಲಹೆಗಳೂ. ಕೊನೆಗೆ ಕಲ್ಲು ತಿರುಗಿತು. ಅಂದು ಕೊನೆಯ ಡಬ್ಬ ಮುಗಿಯುವಾಗ ರಸ್ತೆಯ ದೀಪ ಹತ್ತಿತ್ತು. ನನ್ನ ರೆಪ್ಪೆ, ಮೀಸೆ ಎಲ್ಲ ಬೆಳ್ಳಗೆ. ಭಾವ ನನ್ನನ್ನು ನೋಡಿ, "ಈಗ ಹೇಗೆ ಕಾಣ್ತೀರಿ ಗೊತ್ತಾ? ನಮ್ಮಪ್ಪ ನೋಡಿದ್ರೆ ಹೆಣ್ಣು ಕೊಡ್ತಿರ್ಲಿಲ್ಲ" ಎಂದರು.

ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಕುಳಿತು ಮಿಲ್ಲಕ್ಕನಿಗೆ ಹೇಗೆ ಬೇಡ ಎನ್ನುವುದು ಎಂದು ಮಾತು ಜೋಡಿಸತೊಡಗಿದೆ. ಒಂದು ಮುಚ್ಚಳಕ್ಕೆ ಹೆದರಿ ಯಂತ್ರ ನಿಲ್ಲಿಸುವವನು ಉಳಿದ ಆಯುಷ್ಯದ ದುಡ್ಡನ್ನು ಅದೇ ಯಂತ್ರಕ್ಕೆ ಹಾಕಬಾರದು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ವಾದಿಸಲಿಲ್ಲ. "ಬೇಡ ಅಂದ್ರೆ ಬೇಡ. ಆದ್ರೆ ಒಂದು ಕೇಳ್ತೀನಿ, ಇವತ್ತು ಗ್ಯಾಸ್ ಆಫ್ ಮಾಡಿದ್ಯಾ ಅಂತ ಫೋನ್ ಮಾಡ್ಲೇ ಇಲ್ಲ ನೀವು" ಎಂದಳು. ನಿಜ. ನನಗೆ ಮರೆತೇಹೋಗಿತ್ತು.

ಹಬ್ಬದ ಮಾರನೆಯ ದಿನ ಮಿಲ್ಲಕ್ಕನಿಗೆ ಉತ್ತರ ಹೇಳಲು ಹೋದೆ. ಆಕೆ ನನ್ನ ಮುಖ ನೋಡಿಯೇ ಉತ್ತರ ಏನೆಂದು ಊಹಿಸಿದ್ದಿರಬೇಕು. "ಮೊನ್ನೆ ಬೈದ್ರಲ್ಲ, ಅಷ್ಟು ನನಗೂ ಬೈದಿಲ್ಲ ಯಾರೂ" ಎಂದರು. "ನಮ್ಮೆಜಮಾನ್ರಿಗೆ ಬೈತಿದ್ರು ಹಂಗೆ. ಮಿಲ್ಲು ಅವ್ರದು ಅಂತ ಜನ ಅಂದ್ಕೊಂಡಿದ್ದಕ್ಕೆ ಬೈತಿದ್ರು." ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ ಕಾಣಿಸಿಕೊಂಡರು. ಕೈಯಲ್ಲಿ ಪೇಪರಿನ ಪೊಟ್ಟಣ, ಒಳಗೆ ಚಕ್ಕುಲಿ. ಗಿರಣಿಯವರಿಗೆ ಹಬ್ಬದ ಚಕ್ಕುಲಿ ಕೊಡುವುದು ಆ ರಸ್ತೆಯ ರೂಢಿಯಂತೆ. ಕುರ್ಚಿಯ ಕಡೆಗಾಗಲಿ ನನ್ನ ಅಳಿಯತನದ ಕಡೆಗಾಗಲಿ ಅವರು ನೋಡಲಿಲ್ಲ. ಪೊಟ್ಟಣವನ್ನು ನೇರ ನನ್ನ ಕೈಗೆ ಇಟ್ಟರು.

"ಹಿಟ್ಟು ಒಂಚೂರು ತರಿ ಆಗಿತ್ತು, ಎಣ್ಣೇಲಿ ಬಿಟ್ಕೊಳ್ತು. ದೀಪಾವಳಿಗೆ ಇನ್ನೂ ಸಣ್ಣಕ್ಕೆ ಹಾಕ್ಕೊಡ್ಬೇಕು. ಮತ್ತೆ ಆ ಮುಚ್ಚಳ ಗಿಚ್ಚಳ ಎಲ್ಲಾ ಮೊದ್ಲೇ ತೆಗೆದಿಡಿ."

ಚಕ್ಕುಲಿ ಕಚ್ಚಿ ನೋಡಿದೆ. ತರಿಯಾಗಿಯೇ ಇತ್ತು. ಎರಡು ಕಲ್ಲುಗಳ ನಡುವಿನ ಅಂತರ ಎಷ್ಟು ಕಡಿಮೆ ಮಾಡಬೇಕಿತ್ತು, ಅಷ್ಟು ಕಡಿಮೆ ಮಾಡಿದರೆ ಕಲ್ಲು ಬಿಸಿಯಾಗಿ ಹಿಟ್ಟಿಗೆ ಕಮಟು ವಾಸನೆ ಬರುವುದಿಲ್ಲವೇ ಎಂದು ಯೋಚಿಸುತ್ತಾ ನಿಂತೆ.

"ಸರಿ ಅಜ್ಜಿ, ದೀಪಾವಳಿಗೆ ಸಣ್ಣಕ್ಕೆ ಹಾಕ್ಕೊಡ್ತೀನಿ" ಎಂದೆ.

ಮಿಲ್ಲಕ್ಕ ಮೊಬೈಲ್ ಅಂಗಡಿಯವನಿಗೆ ಮಳಿಗೆ ಇಲ್ಲ ಎಂದು ಫೋನ್ ಮಾಡಲು ಎದ್ದು ಒಳಗೆ ಹೋದರು. ಸಂಜೆ ಗಿರಣಿ ಮುಚ್ಚಿ ಬಸ್ ಸ್ಟಾಪಿನವರೆಗೆ ನಡೆದು, ಷಟರಿನ ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ನೋಡಲು ನಾನು ಅಂದು ಅಲ್ಲಿಂದ ವಾಪಸ್ ಬಂದೆ.