ಬೇಲಿ ಆಫ್ ಮಾಡಿದ ಸಂಜೆ

ಮೇಡಂ ಅವರ ಹಲ್ಲಿನ ನಡುವೆ ಯಾವಾಗಲೂ ಒಂದು ಪುಟ್ಟ ಹಿತ್ತಾಳೆ ಮುಚ್ಚಳ ಇರುತ್ತಿತ್ತು. ಆಂಟೆನಾದ ವೈರು ಬಿಚ್ಚಿ, ಸಿಗ್ನಲ್ ಅಳೆಯುವ ಯಂತ್ರದ ಬಾಯಿಗೆ ಆ ಮುಚ್ಚಳ ತಿರುಗಿಸುವವರೆಗೂ ಅವರದು ಹುಬ್ಬಿನಲ್ಲೇ ಮಾತು.

ಮಕ್ಕಳೇ, ನೀವಿನ್ನೂ ತೊಟ್ಟಿಲಲ್ಲಿದ್ದಾಗ ಅವರು ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಎಚ್.ಡಿ. ಕೋಟೆಯ ಕಾಡಂಚಿನ ನಮ್ಮೂರಿಗೆ ಆನೆಗಳ ಜಾಡು ಹಿಡಿಯಲು ಬಂದವರು. ಹಿಂಡಿನ ಹಿರಿಯ ಹೆಣ್ಣಾನೆಯ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದ್ದರು. ಅದರ ಬ್ಯಾಟರಿ ಮುಗಿಯುತ್ತಾ ಬಂದು ಸಿಗ್ನಲ್ ತೀರಾ ಕ್ಷೀಣವಾಗಿತ್ತು.

ಸ್ಪೆಕ್ಟ್ರಮ್ ಅನಲೈಸರ್ ಎಂಬ ಅವರ ಯಂತ್ರದ ಪರದೆಯಲ್ಲಿ ಒಂದು ಗೆರೆ ಗಾಳಿಗೆ ಸಿಕ್ಕ ಹುಲ್ಲಿನಂತೆ ಅಲುಗುತ್ತಿತ್ತು. ನಾನು ಕಾಫಿ ಕೊಡಲು ಹೋದಾಗ ತೋರಿಸುತ್ತಿದ್ದರು. "ಈ ಹುಲ್ಲು ಯಂತ್ರದ್ದೇ ಗದ್ದಲ, ಅಕ್ಕ. ಮುಚ್ಚಳ ಹಾಕಿ ಮೊದಲು ಇದನ್ನ ಅಳೀಬೇಕು. ಆಮೇಲೆ ಆಂಟೆನಾ ಹಾಕಿ ಅಳೆದು, ಇದನ್ನ ಕಳೀಬೇಕು. ಉಳಿದಿದ್ದು ಆನೆ."

ರಾಗಿ ತೆನೆ ಬಲಿತಿದ್ದ ಒಂದು ಸಂಜೆ. ನನ್ನ ಮಗ, ನಿಮ್ಮಪ್ಪ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ಮುಗಿಸಿ ಬೈಕಿನಲ್ಲಿ ಬರುತ್ತಿದ್ದ. ಊರಿಗೆ ಕೆರೆ ಏರಿಯ ಮೇಲಿನದೊಂದೇ ದಾರಿ. ಹಿಂಡು ಕಾಡಿನೊಳಗಿದೆ ಎಂದು ಎಲ್ಲರೂ ನಂಬಿದ್ದರು. ಮೇಡಂ ಮಾತ್ರ ನಂಬಲಿಲ್ಲ. ಆದರೆ ನಮ್ಮ ಹೊಲಗಳ ಕರೆಂಟು ಬೇಲಿ ಟಕ್ ಟಕ್ ಎಂದಾಗಲೆಲ್ಲ ಗೆರೆ ಜಿಗಿದು, ಆ ಸಣ್ಣ ಸಿಗ್ನಲ್ ಮುಚ್ಚಿಹೋಗುತ್ತಿತ್ತು. ಡೈರಿಗೆ ಹಾಲು ತಂದವರನ್ನೆಲ್ಲ, ಸ್ವಲ್ಪ ಹೊತ್ತು ಬೇಲಿ ಆಫ್ ಮಾಡಿ ಎಂದು ಕೇಳಿಕೊಂಡರು.

"ಆನೆ ಹುಡುಕಾಕೆ ಬೇಲಿ ಆಫ್ ಮಾಡ್ಬೇಕಂತೆ ಕಣ್ರಲಾ!" ಎಂದ ಪಕ್ಕದ ಹೊಲದ ಭಾವ. "ಅಂಗೇ ಎಲೆ ಹಾಕಿ ಊಟಕ್ಕೂ ಕರ್ದ್‌ಬುಡಿ, ಮೇಡಮ್ಮೋರೆ!"

ಎಲ್ಲರೂ ನಕ್ಕರು. ಗಂಡಸರ ಮುಂದೆ ನಾನು ಬಾಯಿ ಬಿಟ್ಟವಳಲ್ಲ. ಅಂದು ಸೆರಗು ಹಿಡಿದುಕೊಂಡೇ ಹೇಳಿದೆ: "ಕಾಡಿಂದ ಆನೆ ಬಂದ್ರೆ ಮೊದ್ಲು ಸಿಗಾದು ನನ್ ರಾಗಿನೇ. ನಾನು ಆಫ್ ಮಾಡ್ತೀನಿ."

ಭಾವ ಹಾಲಿನ ಕ್ಯಾನು ಕೈಗೆತ್ತಿಕೊಂಡ. "ನಡೀರ್ಲಾ ಮತ್ತೆ, ಏನ್ ನೋಡ್ಕಂಡು ನಿಂತಿದ್ದೀರಿ" ಎಂದು ಅವನೇ ಉಳಿದವರನ್ನು ಬೇಲಿ ಆಫ್ ಮಾಡಲು ಹೊರಡಿಸಿದ.

ಬೇಲಿಗಳು ಸುಮ್ಮನಾದವು. ಮೇಡಂ ಆಂಟೆನಾವನ್ನು ಕಾಡಿನ ಕಡೆ ಹಿಡಿದರು. ಯಂತ್ರದ ಗದ್ದಲ ಕಳೆದ ಮೇಲೆ ಏನೂ ಉಳಿಯಲಿಲ್ಲ. ಕೆರೆ ಏರಿಯ ಕಡೆ ತಿರುಗಿಸಿದರು. ಸಣ್ಣ ಸಿಗ್ನಲ್ಲೂ ತಪ್ಪದಂತೆ ಪರದೆಯ ಗೆರೆಯನ್ನು ನಿಧಾನವಾಗಿ ಓಡಿಸಿದರು. ಹುಲ್ಲಿನ ನಡುವೆ ಸಣ್ಣದೊಂದು ಗುಬುಟು ಎದ್ದಿತು.

"ಬಂತು!" ಎಂದೆ.

ಹುಬ್ಬಿನಲ್ಲೇ ತಡೆದರು. ಮುಚ್ಚಳ ಹಾಕಿದರು; ಗುಬುಟು ಮಾಯ. ಆಂಟೆನಾ ಸಿಕ್ಕಿಸಿದರು, ಮತ್ತೆ ಎದ್ದಿತು.

"ಏರಿ ಕಡೆ ಇದಾಳೆ ಅಕ್ಕ. ಮಗನಿಗೆ ಫೋನ್ ಮಾಡಿ."

"ಎಲ್ಲಿದ್ದೀಯೋ ಅಲ್ಲೇ ನಿಂತ್ಕೊ ಮಗ" ಎಂದು ಫೋನಿನಲ್ಲಿ ಹೇಳಿದೆ. ಹಿಂದೆಯೇ ಬೇಲಿಗಳು ಮತ್ತೆ ಟಕ್ ಟಕ್ ಎನ್ನತೊಡಗಿದವು. ಹಿಂಡು ಮರಿಗಳ ಸಮೇತ ಏರಿ ದಾಟುವುದನ್ನು ನಿಮ್ಮಪ್ಪ ಆಚೆ ತುದಿಯಲ್ಲಿ ಬೈಕು ಆರಿಸಿ ನಿಂತು ನೋಡಿದ.

ಹೋದ ವರ್ಷ ಮೈಸೂರಿನಲ್ಲಿ ಮೇಡಂ ತೀರಿಕೊಂಡರು. ನಾನು ಹೋಗಿದ್ದೆ. ಹೂವಿಟ್ಟು, ಕೊನೆಯ ಬಸ್ಸಿಗೆ ಬಂದುಬಿಟ್ಟೆ.

ಈಗಲೂ ಸಂಜೆ ಬೇಲಿಯ ಸ್ವಿಚ್ಚು ಹಾಕುವ ಮುಂಚೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಅಜ್ಜಿ ಏನು ಕೇಳಿಸಿಕೊಳ್ಳುತ್ತಾಳೋ ಎಂದು ನೀವು ನಗುತ್ತೀರಿ. ನಿಮ್ಮಪ್ಪ ಮಾತ್ರ ನಗುವುದಿಲ್ಲ.