ಶಿಲುಬೆಯ ಬುಡದ ಮುದ್ರೆ

“ಇದು ಕದ್ದ ತೇಗ” ಎಂದೆ. ಬಡಗಿ ರುದ್ರಾಚಾರ್ ಉಳಿ ಕೆಳಗಿಟ್ಟರು.

ಎಂಬತ್ತರ ದಶಕದ ಆರಂಭ. ನಾನು ಲಿಂಗದಹಳ್ಳಿ ಕಡೆ ಫಾರೆಸ್ಟ್ ಗಾರ್ಡ್. ಅವರು ಕಾಫಿ ತೋಟದ ಆಳುಗಳಿಗಾಗಿ ಪುಟ್ಟ ಚರ್ಚು ಕಟ್ಟುತ್ತಿದ್ದರು. ಗೋಡೆ, ಕಮಾನು, ಚಾವಣಿ ಎಲ್ಲವೂ ಮರದ್ದೇ. ಹುಡುಕಿದರೂ ಒಂದು ಕಬ್ಬಿಣದ ಮೊಳೆಯಿಲ್ಲ, ಬರೀ ಮರದ ಗೂಟಗಳು. ಬೇಕೆಂದಾಗ ಬಿಚ್ಚಿ ಲಾರಿಗೆ ಹೇರಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕೆ? ನಮ್ಮ ಡಿಪೋದಲ್ಲಿ ಮರ ಕೊಂಡ ರಸೀದಿ ತೋರಿಸಿದರೂ ನಾನು ನಂಬಲಿಲ್ಲ. ಅದು ಬೇರೆ ಮರದ್ದಿರಬಹುದಲ್ಲ! ಮಾರಿದ ಪ್ರತಿ ದಿಮ್ಮಿಯ ತುದಿಗೂ ನಾವು ನಮ್ಮ ನಮ್ಮ ನಂಬರು ಕೆತ್ತಿದ ಸುತ್ತಿಗೆಯಿಂದ ಇಲಾಖೆಯ ಮುದ್ರೆ ಹೊಡೆಯುತ್ತಿದ್ದೆವು.

“ಮುದ್ರೆ ಎಲ್ಲಪ್ಪಾ? ಕೆತ್ತಿ ಹಾಕಿದ್ಯಾ?” ಎಂದು ಗದರಿದೆ.

ರುದ್ರಾಚಾರ್ ಒಳಗೆ ಹೋಗಿ, ಪೀಠದಲ್ಲಿ ನಿಲ್ಲಿಸಿದ್ದ ಶಿಲುಬೆಯನ್ನು ಎತ್ತಿ ತಂದು, ಅದರ ಬುಡವನ್ನು ನನ್ನ ಮುಖಕ್ಕೆ ಹಿಡಿದರು.

“ನೀವು ಬಂದೇ ಬತ್ತೀರಾ ಅಂತ ಗೊತ್ತಿತ್ತು ಸ್ವಾಮಿ. ಅದಕ್ಕೇ ಇಲ್ಲಿಗೆ ಉಳಿ ತಾಗಿಸಿಲ್ಲ. ಮಿಕ್ಕ ಮುದ್ರೆ ಎಲ್ಲಾ ಕಂಬದ ಸಂದಿಯೊಳಗವೆ, ಬಿಚ್ಲಾ?”

ಮುದ್ರೆ ಸ್ಪಷ್ಟವಾಗಿತ್ತು. ಅದರಲ್ಲಿದ್ದ ನಂಬರು ನನ್ನ ಸುತ್ತಿಗೆಯದೇ.

ಆಮೇಲೂ ಸಾವಿರಾರು ದಿಮ್ಮಿಗಳಿಗೆ ಮುದ್ರೆ ಹೊಡೆದೆ. ಸುತ್ತಿಗೆ ಎತ್ತಿದಾಗಲೆಲ್ಲ, ಇದು ಯಾವ ದೇವರ ಪಾದಕ್ಕೆ ಬೀಳುತ್ತಿರುವ ಏಟೋ ಎಂಬ ಅನುಮಾನ ಮಾತ್ರ ನಿವೃತ್ತಿಯವರೆಗೂ ಬಿಡಲಿಲ್ಲ.